ಆಪಿನಕೆರೆಯ ಮೂವತ್ತಡಿ ಡಿಸೈನು

ಹೊಳೆನರಸೀಪುರದಲ್ಲಿ ಹುಟ್ಟಿದವರು, ಸತ್ತವರು, ಚುನಾವಣೆಯಲ್ಲಿ ಗೆದ್ದವರು, ಸೋತ ಮೇಲೂ ಮತದಾರ ಬಂಧುಗಳಿಗೆ ವಂದನೆ ಹೇಳುವವರು ಎಲ್ಲರೂ ಒಂದಲ್ಲ ಒಂದು ದಿನ ಧರ್ಮೇಂದ್ರನ ಅಂಗಡಿಯ ಮೆಟ್ಟಿಲು ಹತ್ತಲೇಬೇಕಿತ್ತು. ಸತ್ತವರು ಖುದ್ದಾಗಿ ಬರುತ್ತಿರಲಿಲ್ಲ. ಅವರ ಪರವಾಗಿ ಭಾವಚಿತ್ರ ಬರುತ್ತಿತ್ತು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಗೂ ಬೇಕರಿಗೂ ನಡುವೆ ಸಿಕ್ಕಿಕೊಂಡಿದ್ದ ಆ ಒಂಬತ್ತಡಿ ಅಗಲದ ಫ್ಲೆಕ್ಸ್ ಅಂಗಡಿಗೆ ‘ಧನ್ಯಾ ಡಿಸೈನರ್ಸ್’ ಎಂದು ಹೆಸರು. ಧನ್ಯಾ ಅವನ ಮಗಳು. ‘ಡಿಸೈನರ್ಸ್’ ಎಂಬ ಬಹುವಚನ ಪೂರ್ತಿ ಅವನೊಬ್ಬನೇ.

ಧರ್ಮೇಂದ್ರನ ಕೈ ಚುರುಕು. ಬಣ್ಣದ ಮೇಲೆ ಅವನಿಗೆ ಒಳ್ಳೆಯ ಕಣ್ಣಿತ್ತು. ತಲೆ ಮಾತ್ರ ಸ್ವಲ್ಪ ಆತುರದ್ದು. ಎದುರಿನವರು ಮಾತು ಮುಗಿಸುವ ಮೊದಲೇ “ಗೊತ್ತಾಯ್ತು ಬುಡಿ” ಅನ್ನುವುದು ಅವನ ಅಭ್ಯಾಸ. ಈ ಅಭ್ಯಾಸದ ದೆಸೆಯಿಂದ ಅರಕಲಗೂಡಿನ ಮೇಷ್ಟ್ರೊಬ್ಬರ ನಿವೃತ್ತಿ ಸಮಾರಂಭದ ಫ್ಲೆಕ್ಸಿನಲ್ಲಿ ‘ಮತ್ತೆ ಹುಟ್ಟಿ ಬನ್ನಿ’ ಎಂದು ಅಚ್ಚಾಗಿ, ಮೇಷ್ಟ್ರು ಸನ್ಮಾನದ ಶಾಲು ಹೊದ್ದುಕೊಂಡೇ ಬಸ್ ಹತ್ತಿ ಬಂದು ಅಂಗಡಿ ಮುಂದೆ ಗಲಾಟೆ ಮಾಡಿದ್ದರು. ತಾನು ಇನ್ನೂ ಬದುಕಿದ್ದೇನೆಂದು ಅವರು ಆ ದಿನ ಹೊಳೆನರಸೀಪುರಕ್ಕೆಲ್ಲ ಸಾಬೀತು ಮಾಡಿದರು.

ಊರಿನವರು ಅವನನ್ನು ‘ಫ್ಲೆಕ್ಸ್ ಧರ್ಮ’ ಎಂದೇ ಕರೆಯುತ್ತಿದ್ದರು. ಅವನಿಗೆ ಬೇಕಾಗಿದ್ದದ್ದು ‘ಡಿಸೈನರ್’ ಎಂಬ ಮರ್ಯಾದೆ. ಆ ಮರ್ಯಾದೆಗೆ ಅಡ್ಡಲಾಗಿ ನಿಂತಿದ್ದವನು ಅವನ ಷಡ್ಡಕ ಅಮರನಾಥ, ಅಂದರೆ ಹೆಂಡತಿ ಶಾಂತಿಯ ಅಕ್ಕನ ಗಂಡ. ಚನ್ನರಾಯಪಟ್ಟಣದಲ್ಲಿ ಸರ್ಕಾರಿ ಇಂಜಿನಿಯರು. ಮಾವನ ಮನೆಯ ಯಾವ ಹಬ್ಬಕ್ಕೆ ಹೋದರೂ ಅಮರನಾಥ ಊಟದೆಲೆಯ ಮುಂದೆ ಕೂತು, “ಏನಪ್ಪಾ ಧರ್ಮೇಂದ್ರ, ನಿನ್ನ ಪ್ರಿಂಟಿಂಗು ಹೆಂಗೆ ನಡೀತೈತೆ?” ಎಂದು ಕೇಳುತ್ತಿದ್ದ. ಆ ‘ಪ್ರಿಂಟಿಂಗು’ ಎಂಬ ಮಾತಿಗೆ ಧರ್ಮೇಂದ್ರ ಪಾಯಸ ಬಡಿಸುವ ಮೊದಲೇ ಎಲೆ ಮಡಚುತ್ತಿದ್ದ.

ಹೀಗಿರುವಾಗ ದೀಪಾವಳಿ ಕಳೆದ ಒಂದು ಬೆಳಗ್ಗೆ ಅಂಗಡಿಗೆ ಫೋನು ಬಂತು.

“ಧನ್ಯಾ ಡಿಸೈನರ್ಸಾ? ನಾನು ಅರಣ್ಯ ಇಲಾಖೆಯ ರೇಂಜ್ ಆಫೀಸರ್ ಪ್ರೇಮಕುಮಾರಿ. ನೀವು ಡಿಸೈನ್ ಮಾಡಿಕೊಡ್ತೀರಂತಲ್ಲ?”

“ಅದೇ ನಮ್ ಕಸುಬು ಮೇಡಂ.”

“ಹಳ್ಳಿಮೈಸೂರು ಹತ್ರ ಆಪಿನಕೆರೆ ಅಂತ ಇದೆ. ಅಲ್ಲಿನ ಜೌಗಿನಲ್ಲಿ ಒಂದು ಸಸ್ಟೇನಬಲ್ ವೈಲ್ಡ್‌ಲೈಫ್ ಅಬ್ಸರ್ವೇಶನ್ ಟವರ್…”

“ಗೊತ್ತಾಯ್ತು ಬುಡಿ ಮೇಡಂ. ಸೈಜ್ ಎಷ್ಟು?”

“ಎತ್ತರ ಮೂವತ್ತು ಅಡಿ. ಅಗಲ ಮೇಲ್ಗಡೆ ಹತ್ತಡಿ ಇದ್ರೆ ಸಾಕು.”

ಧರ್ಮೇಂದ್ರ ಕುರ್ಚಿಯಿಂದ ಎದ್ದು ನಿಂತ. ಅವನು ಅಲ್ಲಿಯವರೆಗೆ ಮಾಡಿದ್ದ ಅತಿ ದೊಡ್ಡ ಫ್ಲೆಕ್ಸು ಇಪ್ಪತ್ತಡಿಯದು, ಅದೂ ಅಡ್ಡಕ್ಕೆ.

“ಪ್ಲಾಸ್ಟಿಕ್ ಒಂದು ಚೂರೂ ಇರಬಾರದು,” ಎಂದರು ಪ್ರೇಮಕುಮಾರಿ.

“ಬಟ್ಟೇಲೇ ಮಾಡಣ ಮೇಡಂ.”

“ಏನು? ಕಾಡೊಳಗಿದ್ದೀನಿ, ಸರಿಯಾಗಿ ಕೇಳಿಸ್ತಿಲ್ಲ. ಫ್ರೇಮು ಬಿದಿರಲ್ಲೇ ಇರಲಿ.”

“ನಮ್ದು ಯಾವತ್ತೂ ಬಿದಿರೇ ಮೇಡಂ.”

“ಮೇಲ್ಗಡೆ ಎಂಟು ಜನ ಆರಾಮಾಗಿ ನಿಂತ್ಕೊಳ್ಳೋ ಹಾಗಿರಬೇಕು.”

“ಎಂಟು ಜನದ್ದೂ ಫೋಟೋ ಕಳ್ಸಿಬುಡಿ. ಇಂದ್ಗಡೆ ಗೋಡೆ ಗೀಡೆ ಇದ್ರೂ ಪರವಾಗಿಲ್ಲ, ನಾನ್ ತೆಗೀತೀನಿ.”

“ಫೋಟೋ ತಾನೆ? ಗಾರ್ಡ್ ಮೋಹನ್‌ಕುಮಾರ್ ಕಳಿಸ್ತಾರೆ. ಮುಂದಿನ ಸೋಮವಾರ ಜೀಪು ಬರುತ್ತೆ, ಸ್ಥಳಕ್ಕೇ ಬನ್ನಿ,” ಎಂದು ಫೋನು ಇಟ್ಟರು.

ಆಗಿದ್ದಿಷ್ಟೇ. ಗೋಪುರ ಕಟ್ಟಲು ಒಬ್ಬ ಡಿಸೈನರ್ ಹುಡುಕು ಎಂದು ಮೇಡಂ ಹೇಳಿದ್ದರು. ಮೋಹನ್‌ಕುಮಾರನ ಫೋನಿನಲ್ಲಿ ‘ಡಿಸೈನರ್’ ಎಂದು ಇದ್ದದ್ದು ಒಂದೇ ನಂಬರು. ತನ್ನ ಮಗನ ನಾಮಕರಣಕ್ಕೆ ಫ್ಲೆಕ್ಸ್ ಮಾಡಿಸಿದಾಗ ಉಳಿಸಿಕೊಂಡದ್ದು. ಅವನು ಅದನ್ನೇ ಕೊಟ್ಟ. ಈಗ ಸ್ಥಳದ ಫೋಟೋ ಕಳಿಸು ಎಂದಾಗ ಕೆರೆಯ ನಾಲ್ಕು ಫೋಟೋಗಳ ಜೊತೆ, ಇರಲಿ ಎಂದು, ಕೆರೆ ಏರಿಯ ಮೇಲೆ ಇಲಾಖೆಯ ಎಂಟು ಮಂದಿ ಸಾಲಾಗಿ ನಿಂತ ಫೋಟೋವನ್ನೂ ಕಳಿಸಿದ. ಧರ್ಮೇಂದ್ರ ಎಣಿಸಿ ನೋಡಿದ. ಎಂಟು. ಎಲ್ಲವೂ ಸರಿಹೋಯಿತು.

ಒಂದು ವಾರ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಒಬ್ಬ ಗ್ರಾಮ ಪಂಚಾಯಿತಿ ಸದಸ್ಯನ ಹುಟ್ಟುಹಬ್ಬ ಫ್ಲೆಕ್ಸಿಲ್ಲದೆ ಆಚರಣೆಯಾಗಿ, ಆತ ಹುಟ್ಟಿದ ವಿಷಯ ಆ ವರ್ಷ ಯಾರಿಗೂ ತಿಳಿಯದೇ ಹೋಯಿತು. ಮೇಡಂ ‘ಟವರ್’ ಎಂದಿದ್ದರಲ್ಲ, ಬಟ್ಟೆಯ ತುಂಬ ಬಿದಿರಿನ ಒಂದು ಗೋಪುರ ಬರೆದ. ಅದರ ತುದಿಯಲ್ಲಿ ಇಲಾಖೆಯ ಎಂಟು ಮಂದಿಯನ್ನು ಕೈಮುಗಿಸಿ ನಿಲ್ಲಿಸಿದ. ‘ವೈಲ್ಡ್‌ಲೈಫ್’ ಎಂದಿದ್ದರಲ್ಲ, ಎಡಕ್ಕೊಂದು ಸಿಂಹ, ಬಲಕ್ಕೊಂದು ಜಿರಾಫೆ. ಜಿರಾಫೆಯನ್ನು ಹಾಕಿದ್ದು ಎತ್ತರ ಜಾಸ್ತಿ ಇದೆ, ಜಾಗ ತುಂಬಲಿ ಎಂದು. ಹಾಸನದಲ್ಲಿ ಬಟ್ಟೆಯ ಮೇಲೆ ಮೂರು ತುಂಡಾಗಿ ಅಚ್ಚು ಹಾಕಿಸಿ, ಟೈಲರ್ ಹತ್ತಿರ ಹೊಲಿಸಿ, ಸುರುಳಿ ಸುತ್ತಿ ಮನೆಗೆ ತಂದಿಟ್ಟ.

ಸೋಮವಾರ ಅರಣ್ಯ ಇಲಾಖೆಯ ಜೀಪು ಅವನ ಮನೆ ಮುಂದೆ ಬಂದು ನಿಂತಾಗ ಎದುರುಮನೆಯ ಜಯಲಕ್ಷ್ಮಮ್ಮ ರಂಗೋಲಿ ಹಾಕುತ್ತಿದ್ದರು. ಚುಕ್ಕಿ ಅಲ್ಲಲ್ಲೇ ಉಳಿಯಿತು. ಖಾಕಿ ತೊಟ್ಟ ಮೋಹನ್‌ಕುಮಾರ್ ಇಳಿದು, ಧರ್ಮೇಂದ್ರನ ಜೊತೆ ಒಳಗೆ ಹೋಗಿ, ಇಬ್ಬರೂ ಸೇರಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಉದ್ದನೆಯದೊಂದನ್ನು ಹೊತ್ತು ತಂದು ಜೀಪಿನ ಮೇಲೆ ಕಟ್ಟಿದರು. ಮೋಹನ್‌ಕುಮಾರ್ ಧರ್ಮೇಂದ್ರನ ಭುಜ ಹಿಡಿದು ಹಿಂದಿನ ಸೀಟಿಗೆ ಹತ್ತಿಸಿದ. ಜೀಪು ಹೊರಟಿತು.

“ಶಾಂತೀ! ಏ ಶಾಂತೀ!” ಎಂದು ಜಯಲಕ್ಷ್ಮಮ್ಮ ಓಡಿಬಂದರು. “ನಿನ್ ಗಂಡುನ್ನ ಫಾರೆಸ್ಟ್‌ನೋರು ಎತ್ತಾಕ್ಕೊಂಡ್ ಓದ್ರಲ್ಲೇ! ಮಾಲು ಸಮೇತ!”

“ಯಾವ್ ಮಾಲು ಅಕ್ಕ?”

“ಮಂಚದ್ ಕೆಳಗೆ ನೆನ್ನೆಯಿಂದ ಇಟ್ಕಂಡಿದ್ನಲ್ಲ, ಸುತ್ಬುಟ್ಟು! ಗಂಧುದ್ ಮರ್ವೋ, ಬೀಟೇನೋ? ನಾನೇನ್ ಯಾರ್ಗೂ ಯೋಳಲ್ಲ ಕಣವ್ವ.”

ಯಾರಿಗೂ ಹೇಳದ ಆ ವಿಷಯ ಹನ್ನೊಂದು ಗಂಟೆಗೆ ಬೇಕರಿ ತಲುಪಿತು. ಹನ್ನೆರಡಕ್ಕೆ ಜೆರಾಕ್ಸ್ ಅಂಗಡಿಯವನು ಎರಡು ಟನ್ ಎಂದು ಲೆಕ್ಕ ಕೊಟ್ಟ. ಒಂದು ಗಂಟೆಗೆ ಚನ್ನರಾಯಪಟ್ಟಣದಿಂದ ಅಕ್ಕನ ಫೋನು ಬಂತು: “ಜಾಮೀನು ಗೀಮೀನು ಬೇಕಾದ್ರೆ ಯೋಳು, ಅಳ್ಬೇಡ.” ಅಳದೆ ಇದ್ದವಳು ಶಾಂತಿಯೊಬ್ಬಳೇ. ಅಂಗನವಾಡಿಯಲ್ಲಿ ನಲವತ್ತು ಮಕ್ಕಳನ್ನು ಸಂಭಾಳಿಸುವ ಅವಳಿಗೆ ಇಂಥ ಗಲಾಟೆಯೆಲ್ಲ ಮಾಮೂಲು.

ಇತ್ತ ಆಪಿನಕೆರೆಯಲ್ಲಿ ಧರ್ಮೇಂದ್ರನಿಗೆ ರಾಜಮರ್ಯಾದೆ. ಕೆರೆಯ ಒಂದು ಬದಿ ಎದೆಯೆತ್ತರಕ್ಕೆ ಆಪು ಹುಲ್ಲು ಬೆಳೆದ ಜೌಗು. ನೀರಿನಲ್ಲಿ ನಾಮದ ಕೋಳಿ, ಬಾತು, ನೀರುಕಾಗೆ, ದಡದಲ್ಲಿ ಬೆಳ್ಳಕ್ಕಿ. ಏರಿಯ ಮೇಲೆ ಊರಿನ ಇಪ್ಪತ್ತು ಮಂದಿ. ಅವರಿಗೆ ಮುಂದಾಳಾಗಿ ಬೈರಯ್ಯ. ಅರವತ್ತು ದಾಟಿದ ಈ ಬೈರಯ್ಯ ಒಂದು ಕಾಲಕ್ಕೆ ಸುತ್ತ ಹತ್ತು ಹಳ್ಳಿಯ ಮದುವೆಗಳಿಗೆ ಬಿದಿರಿನ ಚಪ್ಪರ ಹಾಕಿದವನು. ಶಾಮಿಯಾನ ಬಂದ ಮೇಲೆ ಅವನ ಕೈಗೆ ಕೆಲಸವಿರಲಿಲ್ಲ, ಬಾಯಿಗೆ ಮಾತ್ರ ಇತ್ತು.

“ಎಲ್ ಕಟ್ಬೇಕು ಸಾ ಇದ್ನ?” ಎಂದ ಬೈರಯ್ಯ.

“ಎತ್ತರದ್ ಜಾಗ ಬೇಕು. ಆ ತೆಂಗಿನ್ ಮರ ಆಗ್ತದೆ.”

ಬೈರಯ್ಯ ಹಗ್ಗ ಸೊಂಟಕ್ಕೆ ಸುತ್ತಿಕೊಂಡು ಸರಸರನೆ ಮರ ಹತ್ತಿ, ಬಟ್ಟೆಯ ತುದಿಯನ್ನು ಮೇಲೆ ಬಿಗಿದ. ಮೂವತ್ತಡಿ ಬಟ್ಟೆ ಬಿಚ್ಚಿಕೊಂಡು ಇಳಿಯಿತು. ಊರಿನವರು ‘ಓ’ ಎಂದರು. ಅದೇ ಹೊತ್ತಿಗೆ ಕೊರಳಿಗೆ ದುರ್ಬೀನು ಹಾಕಿಕೊಂಡು ಏರಿಯ ಆ ಕೊನೆಯಿಂದ ನಡೆದು ಬಂದ ಪ್ರೇಮಕುಮಾರಿ ಮೇಡಂ ಅಲ್ಲೇ ನಿಂತರು. ಬಟ್ಟೆಯ ಬುಡದಿಂದ ತುದಿಯವರೆಗೆ ನೋಡಿದರು. ತುದಿಯಲ್ಲಿ ತಾವೇ ಕೈಮುಗಿದು ನಿಂತಿದ್ದನ್ನೂ ನೋಡಿದರು. ಆಮೇಲೆ ದುರ್ಬೀನು ಎತ್ತಿ ಕೆರೆಯ ಕಡೆ ತಿರುಗಿದರು.

“ಒಂದು ಹಕ್ಕೀನೂ ಹಾರಲಿಲ್ಲ,” ಎಂದರು. “ಎಲ್ರೂ ಪೇಪರ್ ಮೇಲೆ ಬರೆದುಕೊಂಡು ಬರ್ತಾರೆ. ನೀವು ನಿಜವಾದ ಎತ್ತರದಲ್ಲೇ ಚಿತ್ರ ತಂದು, ಹಕ್ಕಿಗಳು ಹೆದರ್ತಾವೋ ಇಲ್ವೋ ಅಂತ ಮೊದಲೇ ಪರೀಕ್ಷೆ ಮಾಡಿದ್ರಿ. ಇಂಥ ಡಿಸೈನರ್‌ನ ನಾನು ನೋಡಿಲ್ಲ.”

ಧರ್ಮೇಂದ್ರನಿಗೆ ಹೊಗಳಿಕೆ ಅರ್ಥವಾಯಿತು, ಹೊಗಳಿದ್ದು ಯಾಕೆಂದು ಮಾತ್ರ ಅರ್ಥವಾಗಲಿಲ್ಲ.

“ಆದ್ರೆ ಈ ಸಿಂಹ ಯಾಕೆ?”

“ಅದು… ಡೆಕೋರೇಷನ್ ಮೇಡಂ.”

“ತೆಗೀರಿ. ಜಿರಾಫೇನೂ. ಈಗ ಹೇಳಿ, ಕಾಲು ಎಷ್ಟು ಆಳ ಹೋಗಬೇಕು?”

“ಯಾರ್ ಕಾಲು ಮೇಡಂ?”

“ಟವರಿನದು. ಜೌಗು ನೆಲ, ಎಂಟು ಜನ ಹತ್ತಿ ನಿಂತ್ಕೋಬೇಕು. ಕುಸಿಯಬಾರದಲ್ವಾ?”

ತೆಂಗಿನ ಮರದ ನೆರಳಿನಲ್ಲೂ ಧರ್ಮೇಂದ್ರನಿಗೆ ಬೆವರು ಕಿತ್ತುಕೊಂಡಿತು. ಹತ್ತಿ ನಿಲ್ಲುವುದು! ನಿಜವಾದ ಎಂಟು ಜನ! “ಮೇಡಂ, ಒಂದ್ ವಿಷ್ಯ, ನಾನು…” ಎಂದು ಶುರುಮಾಡಿದ.

“ಹೇಳಿ, ಸಂಕೋಚ ಬೇಡ. ಚನ್ನರಾಯಪಟ್ಟಣದ ಇಂಜಿನಿಯರ್ ಅಮರನಾಥ್ ಅಂತ ಒಬ್ರು ಕಾಂಕ್ರೀಟಿಂದು ಪ್ಲಾನ್ ಕೊಟ್ಟಿದ್ರು. ಟೈಲ್ಸು, ಗ್ರಾನೈಟು, ಕೆಳಗೆ ಅಂಗಡಿ ಮಳಿಗೆ. ನಾನು ಬೇಡ ಅಂದೆ. ಬಿದಿರಲ್ಲಿ ಯಾರು ಮಾಡ್ತಾರೆ ನೋಡ್ತೀನಿ ಅಂತ ನಕ್ಕರು. ಏನೋ ಹೇಳ್ತಿದ್ರಿ?”

ಅಮರನಾಥ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಬಾಯಿಗೆ ಬಂದಿದ್ದ ಸತ್ಯ ಬಂದ ದಾರಿಯಲ್ಲೇ ವಾಪಸು ಹೋಯಿತು.

“ಬಿದಿರಲ್ಲೇ ಮಾಡ್ತೀನಿ ಅಂತ ಯೋಳ್ತಿದ್ದೆ ಮೇಡಂ,” ಎಂದ ಧರ್ಮೇಂದ್ರ.

“ಸುಸ್ಥಿರವಾಗಿರಬೇಕು, ಅದು ಮುಖ್ಯ.”

“ಸುಸ್ತಾ?” ಎಂದು ಬೈರಯ್ಯ ಮರದಿಂದ ಇಳಿಯುತ್ತಲೇ ಕೇಳಿದ. “ಮೂವತ್ತಡಿ ಅತ್ತುದ್ರೆ ಸುಸ್ತಾಗ್ದೆ ಇದ್ದದಾ ತಾಯಿ?”

ಮೇಡಂ ನಕ್ಕು ಬಿಡಿಸಿ ಹೇಳಿದರು. ಇಲ್ಲಿ ಸಿಗುವುದರಿಂದಲೇ ಕಟ್ಟಬೇಕು, ಕೆರೆಗೆ, ಹಕ್ಕಿಗೆ ತೊಂದರೆಯಾಗಬಾರದು, ಬಹಳ ಕಾಲ ಬಾಳಬೇಕು, ಬಾಳಿ ಮುಗಿದ ಮೇಲೆ ಈ ಮಣ್ಣಿಗೇ ಸೇರಿಹೋಗಬೇಕು.

“ಅಂಗಂದ್ರೆ ನಮ್ಮಂಗೆ,” ಎಂದ ಬೈರಯ್ಯ.

ಸಂಜೆ ಜೀಪಿನಿಂದ ಇಳಿದ ಧರ್ಮೇಂದ್ರನನ್ನು ನೋಡಲು ಬೀದಿಯೇ ನೆರೆದಿತ್ತು. ಬೇಡಿಯಿಲ್ಲದ ಕೈ, ಕೈಯಲ್ಲೊಂದು ಎಳನೀರಿನ ಗೊನೆ. “ಬುಟ್ಬುಟ್ರಾ?” ಎಂದರು ಜಯಲಕ್ಷ್ಮಮ್ಮ, ತುಸು ನಿರಾಸೆಯಿಂದಲೇ. ಟವರ್ ಡಿಸೈನ್ ಮಾಡುವ ಕೆಲಸ ಎಂದು ಗೊತ್ತಾದ ಮೇಲೆ ಮರುದಿನದಿಂದ ಬೀದಿಯವರು ಬೇರೆ ರೀತಿ ಮಾತಾಡಿಸತೊಡಗಿದರು. ಜೆರಾಕ್ಸ್ ಅಂಗಡಿಯವನು ತನ್ನ ಮನೆಯ ಬಿರುಕು ಬಿಟ್ಟ ಗೋಡೆ ತೋರಿಸಿ, “ಡಿಸೈನರ್ ಸಾರ್, ಇದು ನಿಲ್ತದಾ?” ಎಂದು ಕೇಳಿದ. ಧರ್ಮೇಂದ್ರ ಬೆರಳಲ್ಲಿ ಗೋಡೆ ತಟ್ಟಿ, ಗಂಭೀರವಾಗಿ “ನೋಡಣ” ಎಂದ. ಆ ಗೋಡೆ ಈಗಲೂ ನಿಂತಿದೆ. ಅದರಲ್ಲಿ ಅವನ ಪಾತ್ರವೇನೂ ಇಲ್ಲ.

ಶಾಂತಿ ಮಾತ್ರ ಬಾಗಿಲು ಹಾಕಿ ಕೇಳಿದಳು: “ಯೋಳ್ರೀ, ಏನ್ ಮಾಡ್ಕಂಡ್ ಬಂದ್ರಿ?”

ಅವನು ಎಲ್ಲವನ್ನೂ ಹೇಳಿದ. ಅವಳು ಸಿಂಹದವರೆಗೆ ತಡೆದುಕೊಂಡಳು. ಜಿರಾಫೆ ಬಂದಾಗ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಳು. ನಕ್ಕು ಮುಗಿಸಿ, “ನಾಳೆ ಓಗಿ ನಿಜ ಯೋಳ್ಬುಡಿ. ಅದ್ರ ಮೇಲೆ ಜನ ಅತ್ತುತಾರೆ ಕಣ್ರೀ. ಬಿದ್ರೆ?” ಎಂದಳು.

“ಯೋಳ್ಬುಡ್ತೀನಿ,” ಎಂದ ಧರ್ಮೇಂದ್ರ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಮರನಾಥ.

“ಏನಪ್ಪಾ, ಆಪಿನಕೆರೆ ಟವರು ನೀನ್ ಡಿಸೈನ್ ಮಾಡ್ತಿದ್ದೀಯಂತೆ? ಹಹ್ಹಾ! ಹಿಂದ್ಗಡೆ ಗೋಂದು ಹಚ್ಚಿ ಅಂಟಿಸ್ತೀಯಾ? ಪರಿಶೀಲನಾ ಸಮಿತೀಲಿ ನಾನೇ ಇರೋದು, ತಿಳ್ಕೋ. ಬಂದು ಅಲ್ಲಾಡ್ಸಿ ನೋಡ್ತೀನಿ.”

ಫೋನು ಸ್ಪೀಕರಿನಲ್ಲಿತ್ತು. ಶಾಂತಿ ಗಂಡನ ಮುಖ ನೋಡಿದಳು, ಫೋನು ನೋಡಿದಳು. “ಭಾವ, ಬರುವಾಗ ಅಕ್ಕನ್ನೂ ಕರ್ಕಂಬನ್ನಿ, ಎಲ್ರೂ ಒಟ್ಟಿಗೆ ಅತ್ತಣ,” ಎಂದು ಹೇಳಿ ತಾನೇ ಫೋನು ಕತ್ತರಿಸಿದಳು. ನಿಜ ಹೇಳುವ ವಿಚಾರ ಆ ಮನೆಯಲ್ಲಿ ಅಲ್ಲಿಗೆ ಮುಂದಕ್ಕೆ ಹೋಯಿತು.

ಮಾರನೆಯ ದಿನ ಧರ್ಮೇಂದ್ರ ಬೈರಯ್ಯನ ಜಗುಲಿಯ ಮೇಲೆ ಕೂತು, ಅವನೊಬ್ಬನಿಗೆ ಮಾತ್ರ ಸತ್ಯ ಹೇಳಿದ.

“ಬೈರಣ್ಣ, ನಾನು ಫ್ಲೆಕ್ಸ್ನೋನು. ಟವರ್ ಬರ್ಯಕ್ ಬತ್ತದೆ, ಕಟ್ಟಕ್ ಬರಲ್ಲ.”

“ನಂಗೆ ಕಟ್ಟಕ್ ಬತ್ತದೆ, ಬರ್ಯಕ್ ಬರಲ್ಲ,” ಎಂದ ಬೈರಯ್ಯ. “ಅದ್ಕ್ಯಾಕಪ್ಪ ಮಕ ಸಣ್ಗೆ ಮಾಡ್ಕಂಡಿದ್ದೀ?”

ಅಲ್ಲಿಂದ ಕೆಲಸ ಶುರುವಾಯಿತು. ಬಲಿತ ಬಿದಿರು ಗಳ ಬಂದವು. ಬೈರಯ್ಯ ಅವನ್ನು ಕೆರೆಯ ನೀರಿನಲ್ಲೇ ಮೂರು ವಾರ ಮುಳುಗಿಸಿಟ್ಟ, ಹುಳು ಹಿಡಿಯದಿರಲಿ ಎಂದು. ಆ ಮೂರು ವಾರ ಧರ್ಮೇಂದ್ರ ಬರೆದದ್ದೇ ಬರೆದದ್ದು. ಅವನು ಬರೆದದ್ದನ್ನು ಬೈರಯ್ಯ ತೆಂಗಿನ ಗರಿ ಕಡ್ಡಿಯಲ್ಲಿ ಗೇಣುದ್ದಕ್ಕೆ ಕಟ್ಟಿ ತೋರಿಸುತ್ತಿದ್ದ. ಕಡ್ಡಿ ಗೋಪುರದ ಮೇಲೆ ಒಂದು ತೆಂಗಿನಕಾಯಿ ಇಡುತ್ತಿದ್ದರು. ಅದು ಕುಸಿಯುತ್ತಿತ್ತು. ಮತ್ತೆ ಬರೆಯುವುದು, ಮತ್ತೆ ಕಟ್ಟುವುದು. ಹದಿನಾಲ್ಕನೆಯ ಗೋಪುರದ ಮೇಲೆ ತೆಂಗಿನಕಾಯಿ ನಿಂತಿತು. ಇಬ್ಬರೂ ಅದನ್ನು ಒಡೆದು ತಿಂದರು.

ನಿಜವಾದ ಗೋಪುರದ ನಾಲ್ಕು ಕಾಲು ಜೌಗಿನಲ್ಲಿ ನೆಟ್ಟು, ಹದಿನೈದಡಿವರೆಗೆ ಅಡ್ಡಗಳ ಬಿಗಿದ ದಿನ ಧರ್ಮೇಂದ್ರ ತಡೆಯಲಾರದೆ ಮೇಲೆ ಹತ್ತಿದ. ಫೋಟೋ ತೆಗೆಯಲೆಂದು ಬೈರಯ್ಯನ ಕೈಗೆ ಮೊದಲೇ ಫೋನು ಕೊಟ್ಟಿದ್ದವನು, ಸೊಂಟದ ಮೇಲೆ ಕೈಯಿಟ್ಟು ನಿಂತ.

“ನಗು, ನಗು,” ಎಂದ ಬೈರಯ್ಯ. ಆಮೇಲೆ ಫೋನಿನಿಂದ ಮುಖವೆತ್ತಿ, “ಯಾಕ್ಲಾ ಒಂದ್ ಕಡೀಕ್ ವಾಲ್ತಿದ್ದೀ?” ಎಂದ.

“ನಾನ್ ನೆಟ್ಟಗೇ ಇವ್ನಿ!”

ಅವನು ನೆಟ್ಟಗೇ ಇದ್ದ. ಗೋಪುರದ ಎಡಗಾಲು ಮಾತ್ರ ಅವಸರವಿಲ್ಲದೆ ಕೆಸರಿನೊಳಗೆ ಇಳಿಯುತ್ತಿತ್ತು. “ಇಳಿ ಇಳಿ ಇಳಿ!” ಎಂದು ಬೈರಯ್ಯ ಕೂಗುವಷ್ಟರಲ್ಲಿ ಧರ್ಮೇಂದ್ರ ಇಳಿಯುವ ಶ್ರಮವಿಲ್ಲದೆಯೇ ಕೆಳಗೆ ಬಂದಿದ್ದ. ಆಪು ಹುಲ್ಲು, ಎದೆಮಟ್ಟ ಕೆಸರು, ಬಾಯೊಳಗೆ ಒಂದು ಸಣ್ಣ ಬಸವನಹುಳು. ಆ ಫೋಟೋ ಸ್ಪಷ್ಟವಾಗಿ ಬಂದಿತ್ತು.

ಅದೇ ವೇಷದಲ್ಲಿ ಮನೆಗೆ ಬಂದವನನ್ನು ಶಾಂತಿ ಹಿತ್ತಲಿನಲ್ಲೇ ತಡೆದು, ಕೊಡಗಟ್ಟಲೆ ನೀರು ಹುಯ್ದಳು. ಅವನು ತಲೆ ತಗ್ಗಿಸಿ ಕೂತಿದ್ದದ್ದು ಹಳೆಯ ಒರಳುಕಲ್ಲಿನ ಮೇಲೆ. ಮಿಕ್ಸಿ ಬಂದ ಮೇಲೆ ಅದು ಹಿತ್ತಲು ಸೇರಿತ್ತು.

“ಗಳ ಚೂಪಾಗದೆ ಶಾಂತಿ, ಕೆಸರಲ್ ಇಳ್ದೋಗ್ತದೆ. ಕೆಳಗೆ ಸಿಮೆಂಟ್ ಆಕಂಗಿಲ್ಲ.”

ಶಾಂತಿ ಕೊಡ ಕೆಳಗಿಟ್ಟಳು. “ಏಳಿ ಮೇಲೆ,” ಎಂದಳು. ಎದ್ದ. ಒರಳುಕಲ್ಲಿನ ಗುಂಡಿಯೊಳಕ್ಕೆ ಒನಕೆ ಇಟ್ಟು ನಿಲ್ಲಿಸಿದಳು. ಒನಕೆ ಗುಂಡಿಯಲ್ಲಿ ಭದ್ರವಾಗಿ ಕೂತಿತು. “ಇದ್ರೊಳಗೆ ಗಳ ನಿಲ್ಸಿ. ಇಂಥದ್ದು ಮನೆಗೊಂದು ಬಿದ್ದದೆ. ಬೈರಣ್ಣುಂಗೆ ಯೋಳಿ, ಕಲ್ ಕೆಳಗೆ ಏನಾದ್ರೂ ಅಗ್ಲಕ್ಕೆ ಆಸ್ಲಿ.”

ಬೈರಯ್ಯ ಬಿದ್ದ ತೆಂಗಿನ ಮರಗಳ ದಿಮ್ಮಿ ಹಾಸಿದ. ಈಗ ಒರಳುಕಲ್ಲು ಬೇಕು. ನಾಲ್ಕಲ್ಲ, ಭದ್ರತೆಗೆ ಎಂಟು ಕಾಲು, ಎಂಟು ಕಲ್ಲು. ಮೊದಲು ಬಂದವರು ಜಯಲಕ್ಷ್ಮಮ್ಮ. “ನಮ್ಮತ್ತೆ ಕಾಲುದ್ದು ಕಣಪ್ಪ. ನಲ್ವತ್ ವರ್ಸ ನನ್ ತೋಳು ಸವ್ಸೈತೆ. ತಗಂಡೋಗಿ ಕೆಸರಲ್ ಊತಾಕು, ನೆಮ್ದಿ!” ಎಂದು ಸಂತೋಷವಾಗಿ ಕೊಟ್ಟರು. ಸುದ್ದಿ ಹರಡಿ, ಆಪಿನಕೆರೆಯ ಹೆಂಗಸರೆಲ್ಲ ತಂತಮ್ಮ ಅತ್ತೆಯರ ಕಲ್ಲನ್ನು ಉರುಳಿಸಿಕೊಂಡು ಬಂದರು. ಹತ್ತೊಂಬತ್ತು ಕಲ್ಲು ಸೇರಿ, ಹನ್ನೊಂದನ್ನು ಬೇಡವೆಂದು ಹೇಳುವುದರಲ್ಲಿ ಧರ್ಮೇಂದ್ರನಿಗೆ ಊರಿನಲ್ಲಿ ಶತ್ರುಗಳಾದರು.

ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಗೋಪುರ ಎದ್ದು ನಿಂತಿತು. ಎಂಟು ಕಾಲು, ನಾರಿನ ಹಗ್ಗದ ಬಿಗಿತ, ತುದಿಯಲ್ಲಿ ಹತ್ತಡಿಯ ಅಟ್ಟ, ಅದರ ಮೇಲೆ ಆಪು ಹುಲ್ಲಿನ ಮಾಡು. ಬೈರಯ್ಯ ಊರಿನ ಎಂಟು ದಪ್ಪ ಮನುಷ್ಯರನ್ನು ಆರಿಸಿ ಹತ್ತಿಸಿದ. ಗೋಪುರ ಕಿರ್ ಎಂದಿತು, ಅಷ್ಟೆ.

ಇನ್ನು ಸಮಿತಿ ಬಂದು ಒಪ್ಪಿಗೆ ಕೊಡಬೇಕು. ಅಲ್ಲಿಯವರೆಗೆ ಯಾರೂ ಹತ್ತಬಾರದೆಂದು ಮೇಡಂ ಏಣಿಗೆ ಹಗ್ಗ ಕಟ್ಟಿಸಿದರು. ಸಮಿತಿ ಹಾಸನದಿಂದ ಬರಬೇಕಿತ್ತು. ಮೊದಲನೆಯ ಸಲ ಹಿರಿಯ ಅಧಿಕಾರಿಗಳಿಗೆ ಮೀಟಿಂಗು. ಎರಡನೆಯ ಸಲ ಅಮರನಾಥನಿಗೆ ಹಲ್ಲುನೋವು. ಮೂರನೆಯ ಸಲ ಎಲ್ಲರೂ ಹೊರಟು, ಶೆಟ್ಟಿಹಳ್ಳಿಯ ಹಿನ್ನೀರು ನೋಡಿಕೊಂಡು ಹೋಗೋಣ ಎಂದು ತಿರುಗಿ, ಅಲ್ಲೇ ಸಂಜೆಯಾಯಿತು. ಹೀಗೆ ಐದು ವಾರ ಕಳೆದವು.

ಈ ಐದು ವಾರದಲ್ಲಿ ಧರ್ಮೇಂದ್ರ ನಿಜ ಹೇಳಬೇಕೆಂದು ಮೂರು ಸಲ ಮೇಡಂ ಆಫೀಸಿನ ಗೇಟಿನವರೆಗೆ ಹೋಗಿ ವಾಪಸು ಬಂದ. ಕೊನೆಗೆ ಒಂದು ಬೆಳಗ್ಗೆ ಮೇಡಂ ಆಫೀಸಿಗೆ ಹೋಗಿ, ಕುರ್ಚಿಯಲ್ಲಿ ಕೂರದೆ ನಿಂತೇ ಹೇಳಿದ: “ಮೇಡಂ, ನಾನ್ ಟವರ್ ಡಿಸೈನರ್ ಅಲ್ಲ. ಫ್ಲೆಕ್ಸ್ನೋನು.”

“ಗೊತ್ತು,” ಎಂದರು ಮೇಡಂ, ಫೈಲಿನಿಂದ ತಲೆಯೆತ್ತದೆ.

“ಯಾವಾಗಿಂದ ಮೇಡಂ?”

“ಆ ಬಟ್ಟೆಯ ಕೆಳಗೆ ‘ಶ್ರದ್ಧಾಂಜಲಿ, ನಾಮಕರಣ, ರಾಜಕೀಯ ಫ್ಲೆಕ್ಸುಗಳಿಗೆ ಸಂಪರ್ಕಿಸಿ’ ಅಂತ ನಿಮ್ಮ ನಂಬರು ಇತ್ತಲ್ಲ. ಹಕ್ಕಿಗಳು ಹೆದರಲಿಲ್ಲ, ಅದಕ್ಕೆ ಸುಮ್ಮನಾದೆ. ಮೂರು ತಿಂಗಳಿಂದ ಬೈರಯ್ಯನ ಜಗುಲೀಲಿ ನಿಮ್ಮ ತೆಂಗಿನಕಾಯಿ ಲೆಕ್ಕಾನೂ ನೋಡ್ತಿದ್ದೀನಿ. ಹೆದರಿಕೆ ಇರೋರು ಕಟ್ಟಿದ್ದು ಗಟ್ಟಿ ಇರುತ್ತೆ. ಆಯ್ತು, ನಾಳೆ ಸಮಿತಿ ಬರ್ತಿದೆ, ಹೋಗಿ.”

ಹೊರಗೆ ಬಂದವನು ಐದು ನಿಮಿಷ ತನ್ನ ಬೈಕು ಯಾವುದೆಂದೇ ಗುರುತು ಹಿಡಿಯಲಾಗದೆ ನಿಂತಿದ್ದ. ಬೇರೆ ಯಾರದ್ದೋ ಬೈಕಿಗೆ ಕೀಲಿ ಹಾಕಿ ಬೈಸಿಕೊಂಡ ಮೇಲೆಯೇ ಸರಿಹೋದದ್ದು.

ಮರುದಿನ ಆಪಿನಕೆರೆಗೆ ಮೂರು ಕಾರುಗಳು ಬಂದವು. ಮುಂದಿನದರಲ್ಲಿ ಹಿರಿಯ ಅಧಿಕಾರಿಗಳು. ಕೊನೆಯದರಲ್ಲಿ ಹಳದಿ ಟೋಪಿ, ಕೈಯಲ್ಲಿ ರಸಮಟ್ಟ, ಕಂಕುಳಲ್ಲಿ ಫೈಲು ಇಟ್ಟುಕೊಂಡ ಅಮರನಾಥ. ಊರಿಗೆ ಊರೇ ಏರಿಯ ಮೇಲಿತ್ತು. ಶಾಂತಿ ಅಂಗನವಾಡಿಗೆ ರಜೆ ಹಾಕಿ ಬಂದಿದ್ದಳು. ಜಯಲಕ್ಷ್ಮಮ್ಮ ತಮ್ಮ ಕಲ್ಲು ಯಾವ ಕಾಲಿನ ಕೆಳಗಿದೆ ಎಂದು ಎಲ್ಲರಿಗೂ ತೋರಿಸುತ್ತಿದ್ದರು.

“ಬಿಲ್ಡಿಂಗ್ ಕೋಡ್ ಪ್ರಕಾರ ಇದು ಯಾವ್ದೂ ಇಲ್ಲ ಸರ್,” ಎಂದ ಅಮರನಾಥ, ಗೋಪುರವನ್ನು ಸುತ್ತುತ್ತ. “ಒರಳುಕಲ್ಲಿಗೆ ಕೋಡೇ ಇಲ್ಲ. ನಾನೇ ಮೇಲೆ ಹತ್ತಿ ಅಲ್ಲಾಡಿಸ್ತೀನಿ, ನೋಡ್ತಿರಿ.”

ಏಣಿಯ ಹಗ್ಗ ಬಿಚ್ಚಿ ಅವನು ಆರು ಮೆಟ್ಟಿಲು ಹತ್ತಿದ್ದ. “ನಿಲ್ಲಿ!” ಎಂದು ಪ್ರೇಮಕುಮಾರಿ ಕೂಗಿದರು. ದುರ್ಬೀನು ಅವರ ಕಣ್ಣಿಗೆ ಅಂಟಿಕೊಂಡಿತ್ತು. ಎಲ್ಲರೂ ಮೇಲೆ ನೋಡಿದರು. ಅಟ್ಟದ ಅಂಚಿನಲ್ಲಿ, ಏಣಿ ಹೋಗಿ ಸೇರುವ ಜಾಗದಲ್ಲೇ, ಕಡ್ಡಿಗಳ ದೊಡ್ಡ ರಾಶಿ. ರಾಶಿಯ ಮೇಲಿಂದ ನೆತ್ತಿ ಕೆಂಪಗಿರುವ, ಬಾಗಿದ ಕೊಕ್ಕಿನ ಕರಿಯ ಹಕ್ಕಿಯೊಂದು ಅಮರನಾಥನನ್ನು ನೋಡುತ್ತಿತ್ತು.

“ಕರಿ ಕೆಂಬರಲು,” ಎಂದರು ಮೇಡಂ, ದನಿ ತಗ್ಗಿಸಿ. “ಕಾವು ಕೂತಿದೆ. ಗೂಡಿನಲ್ಲಿ ಮೊಟ್ಟೆ ಇದೆ. ಒಂದು ಮೆಟ್ಟಿಲೂ ಮೇಲೆ ಹೋಗಂಗಿಲ್ಲ ನೀವು.”

“ನಾನು ಸಮಿತಿ ಸದಸ್ಯ ಮೇಡಂ!”

“ಅದು ವನ್ಯಜೀವಿ. ಗೂಡಿಗೆ ತೊಂದರೆ ಕೊಟ್ರೆ ಕೇಸ್ ಹಾಕಬೇಕಾಗುತ್ತೆ.”

ಅಮರನಾಥ ಏಣಿಯ ಮೇಲೆ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟುಕೊಂಡು ನಿಂತ. ಅಷ್ಟರಲ್ಲಿ ಜೋಡಿಯ ಇನ್ನೊಂದು ಹಕ್ಕಿ ಮೊಳದುದ್ದದ ಕಡ್ಡಿ ಕಚ್ಚಿಕೊಂಡು ಬಂದು, ಅಟ್ಟದ ಮೇಲೆ ದೊಪ್ಪೆಂದು ಇಳಿದು, ಕಡ್ಡಿಯನ್ನು ಅಲ್ಲಿ ಇಟ್ಟು ನೋಡಿತು, ಇಲ್ಲಿ ಇಟ್ಟು ನೋಡಿತು. ಸರಿಬರಲಿಲ್ಲವೆಂದು ಕೆಳಕ್ಕೆ ಹಾಕಿತು. ಅದು ನೇರವಾಗಿ ಹಳದಿ ಟೋಪಿಯ ಮೇಲೆ ಟಕ್ಕೆಂದು ಬಿತ್ತು.

“ಅದ್ಕೂ ಡಿಸೈನ್ ಗೊತ್ತು ಸಾ,” ಎಂದ ಬೈರಯ್ಯ. ಏರಿಯ ಮೇಲಿನ ಜನ ಹಕ್ಕಿ ಹೆದರೀತೆಂದು ಬಾಯಿ ಮುಚ್ಚಿಕೊಂಡೇ ನಕ್ಕರು. ಇನ್ನೂರು ಮಂದಿ ಸದ್ದಿಲ್ಲದೆ ನಕ್ಕದ್ದು ಆ ತಾಲ್ಲೂಕಿನಲ್ಲಿ ಅದೇ ಮೊದಲು.

ಹಿರಿಯ ಅಧಿಕಾರಿಗಳು ಬಹಳ ಹೊತ್ತು ದುರ್ಬೀನು ಬಿಡಲಿಲ್ಲ. ಕೊನೆಗೆ ಅಲ್ಲೇ ಕಾರಿನ ಬಾನೆಟ್ ಮೇಲೆ ವರದಿ ಬರೆಸಿದರು: ‘ಗೋಪುರಕ್ಕೆ ಬಳಕೆದಾರರು ಈಗಾಗಲೇ ವಾಸಕ್ಕೆ ಬಂದಿರುವುದರಿಂದ ಹತ್ತಿ ಪರೀಕ್ಷಿಸಲು ಸಾಧ್ಯವಾಗಲಿಲ್ಲ. ಬಳಕೆದಾರರು ತೃಪ್ತರಿರುವಂತೆ ಕಂಡುಬಂದಿದೆ. ಮರಿಗಳು ಹಾರುವವರೆಗೆ ಪ್ರವೇಶ ನಿಷಿದ್ಧ. ಸಾರ್ವಜನಿಕರು ಸದರಿ ಗೂಡನ್ನು ದೂರದಿಂದ ವೀಕ್ಷಿಸಲು ಇನ್ನೂರು ಅಡಿ ಆಚೆ ಇನ್ನೊಂದು ಗೋಪುರವನ್ನು ಇದೇ ಡಿಸೈನರ್ ಅವರಿಂದ ಕಟ್ಟಿಸತಕ್ಕದ್ದು.’

ಅದರ ಕೆಳಗೆ ತಾಂತ್ರಿಕ ಸದಸ್ಯರ ಸಹಿ ಬೇಕಿತ್ತು. ಅಮರನಾಥ ಪೆನ್ನು ತೆರೆದು, ‘ಡಿಸೈನರ್’ ಎಂಬ ಪದದ ಮೇಲೆ ಒಂದು ಕ್ಷಣ ನಿಂತು, ಸಹಿ ಹಾಕಿದ. ಶಾಂತಿ ಅವನ ಕೈಗೆ ಮಜ್ಜಿಗೆ ಲೋಟ ಕೊಟ್ಟಳು. “ಕುಡೀರಿ ಭಾವ, ಆರ್ ಮೆಟ್ಲು ಅತ್ತಿ ಸುಸ್ತಾಗಿದ್ದೀರಿ.”

ಎರಡನೆಯ ಗೋಪುರಕ್ಕೆ ಎರಡು ತಿಂಗಳೇ ಸಾಕಾಯಿತು. ಬೇಡವೆಂದಿದ್ದ ಹನ್ನೊಂದು ಒರಳುಕಲ್ಲುಗಳಲ್ಲಿ ಎಂಟು ಅದಕ್ಕೆ ಹೋದದ್ದರಿಂದ ಧರ್ಮೇಂದ್ರನ ಶತ್ರುಗಳ ಸಂಖ್ಯೆ ಮೂರಕ್ಕೆ ಇಳಿಯಿತು. ಉದ್ಘಾಟನೆಯ ದಿನ ಬೆಳಗ್ಗೆ ಮೊದಲ ಎಂಟು ಮಂದಿ ಹತ್ತಿದರು. ಮೇಡಂ, ಮೋಹನ್‌ಕುಮಾರ್, ಧರ್ಮೇಂದ್ರ, ಶಾಂತಿ, ಧನ್ಯಾ, ಜಯಲಕ್ಷ್ಮಮ್ಮ, ಚನ್ನರಾಯಪಟ್ಟಣದ ಅಕ್ಕ, ಮತ್ತು ಅಟ್ಟದ ಅಂಚಿನ ಬಿದಿರು ಕಂಬಿಯನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಂಡ ಅಮರನಾಥ. ಬೈರಯ್ಯ ಕೆಳಗೆ ಏಣಿ ಹಿಡಿದು ನಿಂತಿದ್ದ. ಆಚೆಯ ಗೋಪುರದ ಮೇಲೆ ಮೂರು ಮರಿಗಳು ಬಾಯಿ ತೆರೆದುಕೊಂಡು ಕೂಗುತ್ತಿದ್ದವು.

“ಪರವಾಗಿಲ್ಲ ಕಣಯ್ಯ,” ಎಂದ ಅಮರನಾಥ, ಮರಿಗಳನ್ನೇ ನೋಡುತ್ತ. “ಒಳ್ಳೇ ಡಿಸೈನು.”

ಧರ್ಮೇಂದ್ರ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಅವನ ಕಿವಿಯ ಪಕ್ಕ ಬೀಸಣಿಗೆ ಬೀಸಿದಂತೆ ಗಾಳಿ ಬಂತು. ಕರಿಯ ಹಕ್ಕಿಯೊಂದು ಅಟ್ಟದ ಕಂಬಿಯ ಮೇಲೆ, ಅಮರನಾಥನ ಕೈಗೆ ಒಂದು ಗೇಣು ದೂರದಲ್ಲಿ ಕೂತು, ಎಂಟು ಮಂದಿಯನ್ನೂ ಒಬ್ಬೊಬ್ಬರನ್ನಾಗಿ ನೋಡಿತು. ಅದರ ಬಾಯಲ್ಲಿ ಒಂದು ಉದ್ದನೆಯ ಕಡ್ಡಿಯಿತ್ತು. ಹಕ್ಕಿ ಕಡ್ಡಿಯನ್ನು ಅಟ್ಟದ ಮೂಲೆಯಲ್ಲಿ ಜೋಪಾನವಾಗಿ ಇಟ್ಟು, ಇನ್ನೊಂದನ್ನು ತರಲು ಹಾರಿಹೋಯಿತು.

ಮೇಡಂ ಧರ್ಮೇಂದ್ರನ ಮುಖ ನೋಡಿದರು. ಧರ್ಮೇಂದ್ರ ಕಂಬಿಯಿಂದ ಬಗ್ಗಿ ಕೆಳಗೆ ನೋಡಿದ.

“ಕಂಡೆ ಕಂಡೆ,” ಎಂದ ಬೈರಯ್ಯ ಕೆಳಗಿನಿಂದ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ. “ಸದ್ ಮಾಡ್ದಂಗೆ ಒಬ್ಬೊಬ್ರೇ ಇಳೀರಿ. ನಾನ್ ಕೊಣನೂರ್ ಕಡೀಕ್ ಓಗಿ ಗಳ ನೋಡ್ಕಂಡ್ ಬತ್ತೀನಿ.”